ಇಲಿಯ ಲಿವರ್ ಉಳಿಸಿದ ಸಾರ, ಮನೆಯ ಕಷಾಯ

ನೆಲನೆಲ್ಲಿಯ ಸಾರ ಕೊಟ್ಟಿದ್ದರಿಂದ ಪ್ಯಾರಾಸಿಟಮಾಲ್‌ ಇಲಿಯ ಲಿವರನ್ನು ಕೆಡಿಸಲಿಲ್ಲ ಎಂಬಂಥ ವರದಿಗಳನ್ನು ಓದಿ, ಮಾತ್ರೆಗಳಿಂದ ಲಿವರ್, ಕಿಡ್ನಿ ಕೆಡದಂತೆ ಮನೆಯ ಕಷಾಯ ಕುಡಿಯಬಹುದೇ ಎಂದು ಕೇಳುವವರಿದ್ದಾರೆ. ಅಂಥ ವರದಿಯಲ್ಲಿ ಮೊದಲು ಹುಡುಕಬೇಕಾದ್ದು, ಸಾರವನ್ನು ಯಾವಾಗ ಕುಡಿಸಿದರು ಎಂಬುದನ್ನು. ಸಾಮಾನ್ಯವಾಗಿ ಕೆಲವು ದಿನ ಮೊದಲೇ ಸಾರ ಕುಡಿಸಿ, ಕೊನೆಗೆ ಪ್ಯಾರಾಸಿಟಮಾಲನ್ನು ವಿಷವಾಗುವಷ್ಟು ಕೊಡುತ್ತಾರೆ.

ತೊಡಕು ಇರುವುದು ಇಲ್ಲೇ. ಲಿವರಿಗೆ ಏಟು ಕೊಡುವುದು ಪ್ಯಾರಾಸಿಟಮಾಲ್ ಅಲ್ಲ. ಲಿವರಿನ ಕಿಣ್ವಗಳು ಅದರ ಒಂದು ಸಣ್ಣ ಪಾಲಿನಿಂದ ತಯಾರಿಸುವ ಎನ್‌ಎಪಿಕ್ಯುಐ ಎಂಬ ವಸ್ತು. ಮಾಮೂಲಿ ಡೋಸಿನಲ್ಲಿ ಲಿವರಿನಲ್ಲೇ ಇರುವ ಗ್ಲುಟಾಥಯೋನ್ ಎಂಬ ರಕ್ಷಕ ವಸ್ತು ಅದನ್ನು ಹಿಡಿದು ನಿರುಪದ್ರವಿ ಮಾಡುತ್ತದೆ. ಡೋಸ್ ಮಿತಿಮೀರಿದರೆ ಗ್ಲುಟಾಥಯೋನ್ ಬರಿದಾಗಿ ಜೀವಕೋಶಗಳು ಸಾಯುತ್ತವೆ. ಮೊದಲೇ ಕುಡಿಸಿದ ಸಾರ ಆ ಕಿಣ್ವಗಳನ್ನೇ ತಡೆದರೆ ವಿಷವೇ ಅಷ್ಟಾಗಿ ಹುಟ್ಟುವುದಿಲ್ಲ, ಲಿವರ್ ಕೆಟ್ಟಾಗ ರಕ್ತದಲ್ಲಿ ಏರುವ ಕಿಣ್ವವಾದ ಎಸ್‌ಜಿಪಿಟಿಯೂ ಏರುವುದಿಲ್ಲ. ಕೆಟ್ಟ ಲಿವರನ್ನು ಸಾರ ಸರಿಪಡಿಸಿತು ಎನ್ನಲು ಅಷ್ಟು ಸಾಲದು. ವಿಷ ಕೊಟ್ಟು ಕೆಲವು ಗಂಟೆಗಳಾದ ಮೇಲೆ ಸಾರ ಕೊಟ್ಟೂ ಫಲ ಕಂಡ ಪ್ರಯೋಗಕ್ಕೆ ಹೆಚ್ಚು ತೂಕ.

ಇನ್ನು ಪ್ರಮಾಣ. ಇಲಿಗೆ ಕೆಜಿ ತೂಕಕ್ಕೆ 400 ಮಿಲಿಗ್ರಾಂ ಸಾರ ಕೊಟ್ಟಿದ್ದರೆ, ಮನುಷ್ಯರ ಲೆಕ್ಕಕ್ಕೆ ಅದನ್ನು 6.2ರಿಂದ ಭಾಗಿಸುತ್ತಾರೆ: ಕೆಜಿಗೆ ಸುಮಾರು 65 ಮಿಲಿಗ್ರಾಂ. 60 ಕೆಜಿಯವರಿಗೆ ದಿನಕ್ಕೆ 3.9 ಗ್ರಾಂ ಒಣ ಸಾರ. 100 ಗ್ರಾಂ ಒಣಗಿದ ಗಿಡದಿಂದ 10 ಗ್ರಾಂ ಸಾರ ಬರುತ್ತದೆ ಎಂದುಕೊಂಡರೂ ದಿನಕ್ಕೆ 39 ಗ್ರಾಂ ಗಿಡ ಬೇಕು. ಮೇಲಾಗಿ ಲ್ಯಾಬಿನ ಸಾರ ಎಷ್ಟೋ ಸಲ ಮೆಥನಾಲ್ ಎಂಬ ದ್ರಾವಕದಲ್ಲಿ ತೆಗೆದದ್ದು. ಅದರಲ್ಲಿ ಕರಗಿದ್ದೆಲ್ಲ ನಮ್ಮ ನೀರಿನ ಕಷಾಯಕ್ಕೆ ಇಳಿಯುವುದಿಲ್ಲ.

ಯಾರಾದರೂ ಪ್ಯಾರಾಸಿಟಮಾಲ್ ಮಿತಿಮೀರಿ ನುಂಗಿದ್ದರೆ, ದೊಡ್ಡವರಲ್ಲಿ 10 ಗ್ರಾಂ ಅಂದರೆ 500ರ 20 ಮಾತ್ರೆಯಷ್ಟಾಗಿದ್ದರೆ, ಕಷಾಯ ಕುದಿಸುತ್ತ ಕೂರಬೇಡಿ. ಮೊದಲ ದಿನ ವಾಕರಿಕೆ ಬಿಟ್ಟರೆ ಏನೂ ಕಾಣದಿರಬಹುದು, ಮೋಸ ಹೋಗುವುದು ಅಲ್ಲೇ. ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷವು, ನುಂಗಿದ 8 ಗಂಟೆಯೊಳಗೆ ಶುರುವಾದರೆ ಲಿವರ್ ಬಹುಮಟ್ಟಿಗೆ ಉಳಿಯುತ್ತದೆ. ತಡವಾಗಿದ್ದರೂ ಆಸ್ಪತ್ರೆಗೇ ಹೋಗಿ.

ಟಿಬಿ ಮಾತ್ರೆ ನುಂಗುವವರು ಜೊತೆಗೆ ಕಷಾಯ ಕುಡಿಯಬಹುದೇ ಎಂಬ ಪ್ರಶ್ನೆ ಬೇರೆ. ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್ ಮೂರೂ ಲಿವರಿಗೆ ತೊಂದರೆ ಕೊಡಬಲ್ಲವು. ವಾಂತಿ, ಕಾಮಾಲೆಯಂಥ ಲಕ್ಷಣಗಳಿದ್ದು ಎಸ್‌ಜಿಪಿಟಿ ಸಹಜ ಮಿತಿಯ 3 ಪಟ್ಟಾದರೆ, ಲಕ್ಷಣವಿಲ್ಲದೆ 5 ಪಟ್ಟಾದರೆ ವೈದ್ಯರು ಮಾತ್ರೆ ನಿಲ್ಲಿಸಿ, ಆಮೇಲೆ ಒಂದೊಂದಾಗಿ ಮತ್ತೆ ಶುರುಮಾಡುತ್ತಾರೆ. ನಡುವೆ ಅಮೃತಬಳ್ಳಿಯೂ ಸೇರಿದ್ದರೆ ಯಾವುದರಿಂದ ಕೆಟ್ಟಿತೆಂದು ಹೇಳುವುದು ಕಷ್ಟ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದವರಲ್ಲೇ ಲಿವರ್ ಉರಿಯೂತ ಮುಂಬೈಯಿಂದ ವರದಿಯಾಗಿದೆ.

ಕಿಡ್ನಿಯ ವಿಷಯದಲ್ಲೂ ಹಾಗೆಯೇ. ಜೆಂಟಾಮೈಸಿನ್ ಎಂಬ ಆ್ಯಂಟಿಬಯೋಟಿಕ್ ಕಿಡ್ನಿಯ ಸೂಕ್ಷ್ಮ ಮೂತ್ರನಾಳಗಳ ಜೀವಕೋಶಗಳಲ್ಲಿ ಶೇಖರವಾಗಿ, ಕಿಡ್ನಿ ಸೋತಾಗ ರಕ್ತದಲ್ಲಿ ಉಳಿಯುವ ಕ್ರಿಯಾಟಿನಿನ್ ಸಾಮಾನ್ಯವಾಗಿ 5–7 ದಿನದ ಮೇಲೆ ಏರಬಹುದು. ಡೋಸನ್ನು ಕ್ರಿಯಾಟಿನಿನ್ ನೋಡಿ ಹೊಂದಿಸುವುದು, ಮೈಯಲ್ಲಿ ನೀರು ಕಡಿಮೆಯಾಗದಂತೆ ನೋಡುವುದು, ಜೊತೆಗೆ ನೋವಿನ ಔಷಧಿ ಡೈಕ್ಲೋಫೆನಾಕ್ ಕೊಡದಿರುವುದು, ಕಿಡ್ನಿ ಕಾಯುವ ದಾರಿ ಇವು. ಕೊಲೆಸ್ಟ್ರಾಲ್ ಇಳಿಯಲೆಂದು ಬಿಂಬುಳಿ ಎಂಬ ಹುಳಿಕಾಯಿಯ ಗಟ್ಟಿ ರಸ ಕುಡಿದು, ಅದರಲ್ಲಿರುವ ಆಕ್ಸಲೇಟ್ ಎಂಬ ವಸ್ತು ಹರಳುಗಟ್ಟಿ ಕಿಡ್ನಿ ಕೆಟ್ಟವರ ವರದಿ ಕೇರಳದಿಂದ ಬಂದಿದೆ. ಕರಾವಳಿಯವರು ಸಾರಿಗೆ ಎರಡು ಕಾಯಿ ಹಾಕುವುದಕ್ಕೂ ಲೋಟಗಟ್ಟಲೆ ರಸ ಕುಡಿಯುವುದಕ್ಕೂ ಬಹಳ ಅಂತರ.

ಕಷಾಯ, ಚೂರ್ಣ ಏನೇ ತೆಗೆದುಕೊಳ್ಳುತ್ತಿದ್ದರೂ ವೈದ್ಯರ ಬಳಿ ಹೋಗುವಾಗ ಅದರ ಡಬ್ಬಿಯನ್ನೂ ಮಾತ್ರೆಗಳ ಜೊತೆಗೆ ಒಯ್ಯಿರಿ.