ಟಾಕಿಯ ಲೋಳೆ, ಪ್ಲೇಟಿನ ನೇರಳೆ ಉಂಗುರ

ಮುಚ್ಚಿದ ನೀರಿನ ಟಾಕಿಯ ಒಳಗೋಡೆ ಮುಟ್ಟಿದರೆ ಜಾರುವ ಲೋಳೆಗೆ ಕಲಬುರಗಿಯ ಮನೆಗಳಲ್ಲಿ ಪಾಚಿ ಎನ್ನುವುದುಂಟು. ಬೆಳಕೇ ಬೀಳದಲ್ಲಿ ಪಾಚಿ ಬೆಳೆಯದು. ಅದು ಬಹುಪಾಲು ಬ್ಯಾಕ್ಟೀರಿಯಾ. ತಾವೇ ಸ್ರವಿಸಿದ ಅಂಟಿನಲ್ಲಿ ಹುದುಗಿ ಗೋಡೆ ಹಿಡಿದು ಕೂತಿರುತ್ತವೆ. ಇದೇ ಬಯೋಫಿಲ್ಮ್.

ಯಾವ ಬ್ಯಾಕ್ಟೀರಿಯಾ ತಳಿ ಎಷ್ಟು ಅಂಟುತ್ತದೆಂದು ಅಳೆಯಲು ಕಾಲೇಜಿನ ಲ್ಯಾಬಿಗೆ ಎಟಕುವ ದಾರಿ ಕ್ರಿಸ್ಟಲ್ ವಯೊಲೆಟ್ ಎಂಬ ನೇರಳೆ ಬಣ್ಣದ ಪರೀಕ್ಷೆ: ಅಂಟಿ ಉಳಿದದ್ದಕ್ಕೆ ಬಣ್ಣ ಹತ್ತಿಸಿ, ಆ ಬಣ್ಣ ಎಷ್ಟು ಗಾಢವೆಂದು ಅಳೆಯುವುದು. ರಾತ್ರಿಯಿಡೀ ಬೆಳೆಸಿದ ಕಲ್ಚರನ್ನು (ಬ್ಯಾಕ್ಟೀರಿಯಾ ಬೆಳೆದ ದ್ರವ) ಹೊಸ ಮಾಧ್ಯಮದಲ್ಲಿ, ಅಂದರೆ ಪೋಷಕ ದ್ರವದಲ್ಲಿ, 1:100 ತೆಳುಮಾಡಿ, 96 ವೆಲ್‌ಗಳ (ಪುಟ್ಟ ಗುಳಿಗಳ) ಪಾಲಿಸ್ಟೈರೀನ್ ಪ್ಲಾಸ್ಟಿಕ್ ಪ್ಲೇಟಿಗೆ ತಲಾ 100 ಮೈಕ್ರೊಲೀಟರ್ ಹಾಕಿ. ಒಂದು ತಳಿಗೆ ನಾಲ್ಕು ವೆಲ್ ಇರಲಿ. ಬರೀ ಮಾಧ್ಯಮದ ವೆಲ್‌ಗಳನ್ನು ಮರೆಯಬೇಡಿ. ಅವಿಲ್ಲದೆ ಬಂದ ಅಂಕಿಗೆ ಅರ್ಥವೇ ಇಲ್ಲ.

ನಮ್ಮ ಕಡೆ ಪರೀಕ್ಷೆ ಹೆಚ್ಚಾಗಿ ಕೆಡುವುದು ಬೇಸಿಗೆಯಲ್ಲಿ. ಪ್ಲೇಟನ್ನು ನಿಗದಿತ ಬಿಸಿಯಲ್ಲಿಡುವ ಸಾಮಾನ್ಯ ಇನ್‌ಕ್ಯುಬೇಟರ್ ಬಿಸಿ ಮಾಡುತ್ತದೆಯೇ ಹೊರತು ತಂಪು ಮಾಡದು. ಮೇ ತಿಂಗಳಲ್ಲಿ ಕೋಣೆಯೇ 40 ಡಿಗ್ರಿ ಇದ್ದರೆ 30ಕ್ಕೆ ಇಟ್ಟ ಗುಂಡಿಯಿಂದ ಏನೂ ಆಗದು. ನೀರಿನಿಂದ ಬೇರ್ಪಡಿಸಿದ ತಳಿಗಳಿಗೆ ತಂಪೂ ಮಾಡಬಲ್ಲ ಬಿಒಡಿ ಇನ್‌ಕ್ಯುಬೇಟರೇ ಬೇಕು. ಒಣಗಾಳಿಗೆ ಅಂಚಿನ ವೆಲ್‌ಗಳು ಬೇಗ ಬತ್ತಿ, ಉಪ್ಪು ಗಟ್ಟಿಯಾಗಿ, ಅಲ್ಲಿನ ಅಂಕಿ ಬೇರೆಯೇ ಬರುತ್ತದೆ. ಅಂಚಿನ ಸಾಲುಗಳಿಗೆ ಸ್ಟೆರೈಲ್ ನೀರು ತುಂಬಿ, ಪ್ಲೇಟನ್ನು ಒದ್ದೆ ಹತ್ತಿ ಇಟ್ಟ ಡಬ್ಬಿಯೊಳಗೆ 24 ಗಂಟೆ ಇಡಿ.

ಆಮೇಲೆ ತೊಳೆಯುವುದು. ಇಲ್ಲಿ ಕೈ ಹದವಾಗಿರಬೇಕು. ಪ್ಲೇಟನ್ನು ಬೋರಲು ಮಾಡಿ ಕಲ್ಚರು ಚೆಲ್ಲಿ, ನೀರಿನ ಪಾತ್ರೆಯಲ್ಲಿ ಮೆಲ್ಲಗೆ ಮುಳುಗಿಸಿ ಎತ್ತಿ, ಎರಡು ಸಲ. ನಲ್ಲಿಯ ಧಾರೆಗೆ ಹಿಡಿದರೆ ಎಳೆಯ ಬಯೋಫಿಲ್ಮ್ ಕಿತ್ತು ಹೋಗಿ, ಚೆನ್ನಾಗಿ ಅಂಟುವ ತಳಿಯೂ ಅಂಟದ್ದಾಗಿ ಕಾಣುತ್ತದೆ. ಶೇ. 0.1ರ ಕ್ರಿಸ್ಟಲ್ ವಯೊಲೆಟ್ 125 ಮೈಕ್ರೊಲೀಟರ್, 15 ನಿಮಿಷ. ಕಲ್ಚರಿಗಿಂತ 25 ಹೆಚ್ಚು ಹಾಕುವುದಕ್ಕೆ ಕಾರಣವಿದೆ: ಸೂಡೊಮೊನಾಸ್‌ನಂಥ ಬ್ಯಾಕ್ಟೀರಿಯಾ ಗಾಳಿಯೂ ನೀರೂ ಕೂಡುವ ಗೆರೆಯಲ್ಲೇ ದಟ್ಟವಾಗಿ ಅಂಟುತ್ತವೆ, ಬಣ್ಣ ಆ ಉಂಗುರದ ಮೇಲಕ್ಕೂ ಏರಬೇಕು. ಮತ್ತೆ ತೊಳೆದು, ಒಣಗಿಸಿ, ಶೇ. 30ರ ಅಸಿಟಿಕ್ ಆಮ್ಲ 125 ಮೈಕ್ರೊಲೀಟರ್ ಹಾಕಿ ಬಣ್ಣ ಕರಗಿಸಿ, ಹೊಸ ಪ್ಲೇಟಿಗೆ ವರ್ಗಾಯಿಸಿ 550 ನ್ಯಾನೊಮೀಟರಿನ ಬೆಳಕನ್ನು ಎಷ್ಟು ಹೀರುತ್ತದೆಂದು ಪ್ಲೇಟ್ ರೀಡರಿನಲ್ಲಿ ಓದಿ. ಬರೀ ಮಾಧ್ಯಮದ ಸರಾಸರಿಗೆ ಅದರ ಮಾನಕ ವಿಚಲನೆಯ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಮೂರರಷ್ಟು ಕೂಡಿಸಿ. ಅದನ್ನು ದಾಟಿದ ತಳಿ ಮಾತ್ರ ಅಂಟುವಂಥದ್ದು.

ಈ ಬಣ್ಣ ಸತ್ತ ಕೋಶಕ್ಕೂ ಅಂಟಿಗೂ ಹತ್ತುತ್ತದೆ. ಆದ್ದರಿಂದ ಕ್ಲೋರಿನ್ ಕೆಲಸ ಮಾಡಿತೇ ಎಂದು ಇದೊಂದರಿಂದಲೇ ಹೇಳಲಾಗದು. ಪದರವನ್ನು ಕೆರೆದು ತೆಗೆದು, ಅಗಾರ್ ಎಂಬ ಪೋಷಕ ಜೆಲ್ಲಿಯ ಮೇಲೆ ಹರಡಿ, ಬದುಕುಳಿದ ಕೋಶಗಳಿಂದ ಬೆಳೆದ ಕಾಲೊನಿಗಳನ್ನು (ಕಣ್ಣಿಗೆ ಕಾಣುವ ಗುಂಪುಗಳನ್ನು) ಎಣಿಸಬೇಕು. ಟಾಕಿಯಲ್ಲೂ ಹಾಗೆಯೇ: ಬ್ಲೀಚಿಂಗ್ ಪೌಡರನ್ನು ಅಂಟೇ ಮೊದಲು ಹೀರಿಬಿಡುತ್ತದೆ, ಒಳಪದರಕ್ಕೆ ತಲುಪುವುದು ಸ್ವಲ್ಪವೇ. ಮೊದಲು ಬ್ರಶ್ಶಿನಿಂದ ತಿಕ್ಕಿ, ಕೊಳೆನೀರು ಹೊರಗೆ ಬಿಟ್ಟು, ಆಮೇಲೆ ಕ್ಲೋರಿನ್ ಹಾಕಿ.