ಕ್ಯೂಗೆ ಒಂದೇ ಸಲ ಹಾಕಿದ್ದೇನೆ, ಮೇಲ್ ಯಾಕೆ ಎರಡು ಸಲ ಹೋಗುತ್ತದೆ?

ಪ್ರಶ್ನೆ: ಆರ್ಡರ್ ಆದ ಮೇಲೆ ರಸೀದಿ ಮೇಲ್ ಕಳಿಸುವ ಕೆಲಸವನ್ನು ಕ್ಯೂಗೆ (ಆಮೇಲೆ ಮಾಡಬೇಕಾದ ಕೆಲಸಗಳ ಸಾಲಿಗೆ) ಹಾಕಿದ್ದೇನೆ. ಕೋಡ್‌ನಲ್ಲಿ ಹಾಕಿರುವುದು ಒಂದೇ ಕಡೆ. ಆದರೂ ಆಗಾಗ ಕೆಲವರಿಗೆ ಎರಡು ಮೇಲ್ ಹೋಗುತ್ತಿವೆ. ಕ್ಯೂನಲ್ಲೇ ದೋಷ ಇದೆಯಾ? ಬೇರೆ ಕ್ಯೂಗೆ ಬದಲಾಯಿಸಲಾ?

ಉತ್ತರ: ಬದಲಾಯಿಸಬೇಡಿ, ದೋಷ ಇಲ್ಲ. ಈ ಪ್ರಶ್ನೆ ಪದೇ ಪದೇ ಬರುತ್ತದೆ. ಒಬ್ಬರದು ರ‍್ಯಾಬಿಟ್‌ಎಂಕ್ಯೂ, ಇನ್ನೊಬ್ಬರದು ಅಮೆಜಾನ್ ಎಸ್‌ಕ್ಯೂಎಸ್, ಮತ್ತೊಬ್ಬರದು ರೆಡಿಸ್ ಮೇಲೆ ಸೆಲರಿ. ಇವೆಲ್ಲ ಕ್ಯೂ ನಡೆಸುವ ಸಾಧನಗಳು, ಉತ್ತರ ಮಾತ್ರ ಒಂದೇ. ಈ ಸಲ ಪೂರ್ತಿ ಬರೆದುಬಿಡುತ್ತೇನೆ, ದಯವಿಟ್ಟು ಕೊನೆವರೆಗೂ ಓದಿ.

"ಕ್ಯೂಗೆ ಒಂದು ಸಲ ಹಾಕಿದ ಕೆಲಸ ಒಂದೇ ಸಲ ನಡೆಯುತ್ತದೆ" ಅನ್ನುವ ನಂಬಿಕೆಯನ್ನು ಮೊದಲು ಬಿಡಿ. ವರ್ಕರ್, ಅಂದರೆ ಕ್ಯೂನಿಂದ ಕೆಲಸ (ಜಾಬ್) ಎತ್ತಿಕೊಂಡು ಮಾಡುವ ಪ್ರೋಗ್ರಾಂ, ಏನು ಮಾಡುತ್ತದೆ ನೋಡಿ. ಜಾಬ್ ಎತ್ತಿಕೊಳ್ಳುತ್ತದೆ, ಮೇಲ್ ಕಳಿಸುತ್ತದೆ, ಆಮೇಲೆ ಬ್ರೋಕರ್‌ಗೆ (ಕ್ಯೂ ಇಟ್ಟುಕೊಂಡಿರುವ ಸರ್ವರ್‌ಗೆ) "ಮುಗೀತು" ಅಂತ ಖಾತರಿ ಸಂದೇಶ, ಅಂದರೆ ಆಕ್, ಕೊಡುತ್ತದೆ. ಮೇಲ್ ಹೋಗಿ, ಆಕ್ ಹೋಗುವ ಮೊದಲು ವರ್ಕರ್ ಸತ್ತರೆ? ಡಿಪ್ಲಾಯ್ ಮಾಡುವಾಗ ಪ್ರೋಸೆಸ್ ನಿಂತಿರಬಹುದು, ಮೆಮೊರಿ ಸಾಲದೆ ಬಿದ್ದಿರಬಹುದು, ನೆಟ್‌ವರ್ಕ್ ಕಡಿದಿರಬಹುದು. ಬ್ರೋಕರ್‌ಗೆ ಗೊತ್ತಿರುವುದು ಇಷ್ಟೇ: ಜಾಬ್ ಕೊಟ್ಟೆ, ಆಕ್ ಬರಲಿಲ್ಲ. ಕೆಲಸ ಆಗುವ ಮೊದಲೇ ಸತ್ತಿತೋ, ಆದ ಮೇಲೆ ಸತ್ತಿತೋ ತಿಳಿಯುವ ದಾರಿಯೇ ಅದಕ್ಕಿಲ್ಲ. ಮತ್ತೆ ಕೊಟ್ಟರೆ ಎರಡು ಸಲ ಆಗಬಹುದು. ಕೊಡದಿದ್ದರೆ ಒಂದು ಸಲವೂ ಆಗದೇ ಇರಬಹುದು. ಮೂರನೇ ದಾರಿ ಇಲ್ಲ.

ಯಾರೂ ಸಾಯದೆಯೂ ಇದು ಆಗುತ್ತದೆ. ಎಸ್‌ಕ್ಯೂಎಸ್‌ನಲ್ಲಿ ವಿಸಿಬಿಲಿಟಿ ಟೈಮ್‌ಔಟ್ (ಒಂದು ವರ್ಕರ್ ಎತ್ತಿಕೊಂಡ ಜಾಬ್ ಬೇರೆ ವರ್ಕರ್‌ಗಳಿಗೆ ಕಾಣದೆ ಇರುವ ಸಮಯ) ಡಿಫಾಲ್ಟ್ ಆಗಿ 30 ಸೆಕೆಂಡ್. ನಿಮ್ಮ ಜಾಬ್‌ಗೆ 40 ಸೆಕೆಂಡ್ ಬೇಕಾದರೆ, ಅದು ಇನ್ನೂ ನಡೆಯುತ್ತಿರುವಾಗಲೇ ಇನ್ನೊಂದು ವರ್ಕರ್ ಅದೇ ಜಾಬ್ ಎತ್ತಿಕೊಳ್ಳಬಹುದು.

"ಹಾಗಾದರೆ ಆಕ್ ಮೊದಲೇ ಕೊಟ್ಟುಬಿಡೋಣ" ಅನ್ನುತ್ತಾರೆ. ಸೆಲರಿ ಡಿಫಾಲ್ಟ್ ಆಗಿ ಅದನ್ನೇ ಮಾಡುತ್ತದೆ. ಆಗ ವರ್ಕರ್ ಮಧ್ಯದಲ್ಲಿ ಬಿದ್ದರೆ ರಸೀದಿ ಸದ್ದಿಲ್ಲದೆ ಕಳೆದುಹೋಗುತ್ತದೆ. ಇನ್ನು ಕೆಲವರು ಎಸ್‌ಕ್ಯೂಎಸ್‌ನ ಫಿಫೋ ಕ್ಯೂ (ಬಂದ ಕ್ರಮದಲ್ಲೇ ಕೊಡುವ ಕ್ಯೂ) ತೋರಿಸುತ್ತಾರೆ. ಒಂದೇ ಸಂದೇಶವನ್ನು 5 ನಿಮಿಷದೊಳಗೆ ಎರಡನೇ ಸಲ ಕ್ಯೂಗೆ ಹಾಕಿದರೆ ಅದು ತಡೆಯುತ್ತದೆ, ನಿಜ. ಸಂದೇಶ ಸಾಗಿಸುವ ಇನ್ನೊಂದು ವ್ಯವಸ್ಥೆಯಾದ ಕಾಫ್ಕಾದಲ್ಲೂ 2017ರಿಂದ ಇಂಥ ಸೌಲಭ್ಯ ಇದೆ, ಆದರೆ ಅದು ಕಾಫ್ಕಾದಿಂದ ಓದಿ ಕಾಫ್ಕಾಗೇ ಬರೆಯುವ ಕೆಲಸಕ್ಕೆ. ನಿಮ್ಮ ಮೇಲ್ ಸರ್ವರ್ ಇವೆರಡರ ಕೈಗೂ ಸಿಗುವುದಿಲ್ಲ, ಅಲ್ವಾ?

ಆದ್ದರಿಂದ ಜಾಬ್ ಎರಡು ಸಲ ನಡೆದರೂ ತೊಂದರೆಯಾಗದ ಹಾಗೆ ಬರೆಯಿರಿ. "ಬ್ಯಾಲೆನ್ಸ್‌ಗೆ 100 ಕೂಡಿಸು" ಅಂತ ಸುಮ್ನೆ ಬರೆದರೆ ಎರಡನೇ ಸಲಕ್ಕೆ 200 ಆಗುತ್ತದೆ. ಅದರ ಬದಲು ಜಾಬ್ ಐಡಿಯನ್ನು ಯೂನಿಕ್ ಕನ್‌ಸ್ಟ್ರೇಂಟ್ (ಒಂದೇ ಐಡಿ ಎರಡು ಸಲ ಸೇರದಂಥ ನಿಯಮ) ಇರುವ ಟೇಬಲ್‌ಗೆ, ಬ್ಯಾಲೆನ್ಸ್ ಬದಲಾಯಿಸುವ ಅದೇ ಟ್ರಾನ್ಸಾಕ್ಷನ್‌ನಲ್ಲಿ (ಎಲ್ಲವೂ ಆಗಬೇಕು, ಇಲ್ಲವೇ ಏನೂ ಆಗಬಾರದು ಅನ್ನುವ ಗುಂಪಿನಲ್ಲಿ) ಸೇರಿಸಿ, ಎರಡನೆಯದನ್ನು ಡೇಟಾಬೇಸೇ ತಡೆಯುತ್ತದೆ. ಸ್ಟ್ರೈಪ್‌ನಂಥ ಪೇಮೆಂಟ್ ಸೇವೆಗಳು ಐಡೆಂಪೊಟೆನ್ಸಿ ಕೀ (ಅದೇ ವಿನಂತಿ ಮತ್ತೆ ಬಂದರೆ ಗೊತ್ತುಮಾಡುವ ಗುರುತು) ತೆಗೆದುಕೊಳ್ಳುತ್ತವೆ. ಆ ಕೀಯನ್ನು ಆರ್ಡರ್ ನಂಬರ್‌ನಿಂದ ಮಾಡಿ. ಜಾಬ್ ಒಳಗೆ ಪ್ರತಿಸಲ ಹೊಸದಾಗಿ ಹುಟ್ಟಿಸಿದರೆ ಏನೂ ಉಪಯೋಗವಿಲ್ಲ. ಈ ತಪ್ಪು ತುಂಬಾ ಜಾಸ್ತಿ ಕಾಣುತ್ತದೆ.

ಮೇಲ್‌ಗೆ ಪೂರ್ತಿ ಮದ್ದಿಲ್ಲ. ಕಳಿಸುವ ಮೊದಲು "ಕಳಿಸಿದೆಯಾ" ಅಂತ ನೋಡಿ, ಕಳಿಸಿದ ತಕ್ಷಣ ಗುರುತು ಹಾಕಿ. ಅಲ್ಲಿಗೆ ಎರಡೆರಡು ಮೇಲ್ ಹೋಗುವುದು ತೀರಾ ಅಪರೂಪವಾಗುತ್ತದೆ. ರಸೀದಿಗೆ ಅಷ್ಟು ಸಾಕು.

ನೀವು ಕೇಳದ ಇನ್ನೊಂದು ವಿಷಯವನ್ನೂ ಹೇಳಲೇಬೇಕು. ಜಾಬ್ ಕ್ಯೂಗೆ ಹೋಗುವುದು ಆರ್ಡರ್ ಕಮಿಟ್ ಆಗುವ (ಡೇಟಾಬೇಸ್‌ನಲ್ಲಿ ಖಾಯಂ ಆಗುವ) ಮೊದಲೋ, ಆಮೇಲೋ? ಮೊದಲೇ ಹಾಕಿದರೆ ವರ್ಕರ್ ಚುರುಕಾಗಿ ಎತ್ತಿಕೊಂಡು, ಆರ್ಡರ್ ಹುಡುಕಿ, "ಇಲ್ಲ" ಅಂತ ಬೀಳುತ್ತದೆ. ಅದಕ್ಕೇ ಜ್ಯಾಂಗೋದಲ್ಲಿ (ಪೈಥಾನ್ ವೆಬ್ ಫ್ರೇಮ್‌ವರ್ಕ್) ಆನ್ ಕಮಿಟ್ ಹುಕ್, ಅಂದರೆ ಕಮಿಟ್ ಆದ ಮೇಲೆ ಮಾತ್ರ ಕೋಡ್ ನಡೆಸುವ ಸೌಲಭ್ಯ, ಇರುವುದು. ಆದರೆ ಕಮಿಟ್ ಆಗಿ, ಕ್ಯೂಗೆ ಹಾಕುವ ಮೊದಲು ಪ್ರೋಸೆಸ್ ಸತ್ತರೆ ಜಾಬ್ ಹುಟ್ಟುವುದೇ ಇಲ್ಲ. ಗಟ್ಟಿ ದಾರಿ ಅಂದರೆ ಜಾಬ್ ಅನ್ನು ಆರ್ಡರ್ ಜೊತೆಗೇ, ಅದೇ ಟ್ರಾನ್ಸಾಕ್ಷನ್‌ನಲ್ಲಿ, ಡೇಟಾಬೇಸ್‌ನ ಒಂದು ಟೇಬಲ್‌ಗೆ ಬರೆಯುವುದು. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ 9.5ನೇ ಆವೃತ್ತಿಯಿಂದ, ಅಂದರೆ 2016ರಿಂದ, ಸ್ಕಿಪ್ ಲಾಕ್ಡ್ (ಬೇರೆ ವರ್ಕರ್ ಹಿಡಿದಿರುವ ಸಾಲುಗಳನ್ನು ಬಿಟ್ಟು ಮುಂದಿನದನ್ನು ಕೊಡುವ ಸೌಲಭ್ಯ) ಇದೆ. ಹಲವು ವರ್ಕರ್‌ಗಳು ಒಂದನ್ನೊಂದು ಕಾಯಿಸದೆ ಆ ಟೇಬಲ್‌ನಿಂದಲೇ ಜಾಬ್ ಎತ್ತಿಕೊಳ್ಳಬಹುದು. ತುಂಬಾ ವೆಬ್ ಆಪ್‌ಗಳಿಗೆ ಬೇರೆ ಬ್ರೋಕರ್ ಬೇಕಾಗುವುದೇ ಇಲ್ಲ.

ಇದರಲ್ಲಿ ಇನ್ನೊಂದು ಲಾಭವೂ ಇದೆ. ಜಾಬ್ ಮಾಡುವ ಕೆಲಸ ಪೂರ್ತಿ ಅದೇ ಡೇಟಾಬೇಸ್ ಒಳಗಿದ್ದರೆ, ಉದಾಹರಣೆಗೆ ವರದಿಯ ಲೆಕ್ಕ ಕೂಡಿ ಬರೆಯುವುದು, ಕೆಲಸವನ್ನೂ ಜಾಬ್ ಅಳಿಸುವುದನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಕಮಿಟ್ ಮಾಡಬಹುದು. ಮಧ್ಯದಲ್ಲಿ ಬಿದ್ದರೆ ಎರಡೂ ರದ್ದಾಗುತ್ತವೆ, ಜಾಬ್ ಮತ್ತೆ ನಡೆದರೂ ಲೆಕ್ಕ ಒಂದೇ ಸಲ ಸೇರುತ್ತದೆ.