ಕಂಟ್ರೋಲ್ಡ್ ಗ್ರೂಪ್: ಕಂಪನಿ ಎರಡು, ಲೆಕ್ಕಕ್ಕೆ ಒಂದೇ

ಅಮೆರಿಕದಲ್ಲಿ ಒಬ್ಬರಿಗೆ ಪೂರ್ತಿ ಸ್ವಂತದ್ದೇ ಆದ ಒಂದು ಸಾಫ್ಟ್‌ವೇರ್ ಕಂಪನಿ ಇದೆ ಅಂದುಕೊಳ್ಳಿ. ಜೊತೆಗೆ ಒಂದು ಹೋಟೆಲಿನಲ್ಲಿ ಶೇ. 90 ಪಾಲು. ಕಂಪನಿಯಲ್ಲಿ ದೊಡ್ಡ ಸಂಬಳದ 4 ಜನ, ಹೋಟೆಲಿನಲ್ಲಿ ಅಡುಗೆಯವರು, ಸಪ್ಲೈಯರ್‌ಗಳು ಸೇರಿ 40 ಜನ. 401(ಕೆ) ನಿವೃತ್ತಿ ಯೋಜನೆಯನ್ನು ಆ 4 ಜನರಿಗೆ ಮಾತ್ರ ಕೊಟ್ಟರೆ ಸಾಕಾ? ನೋಂದಣಿ ಬೇರೆ ಬೇರೆ ಅಲ್ವಾ?

ಕಾನೂನು ನೋಂದಣಿ ನೋಡುವುದಿಲ್ಲ, ಒಡೆತನ ನೋಡುತ್ತದೆ. ನೌಕರರ ನಿವೃತ್ತಿ ಸೌಲಭ್ಯಗಳನ್ನು ಕಾಯುವ 1974ರ ಎರಿಸಾ ಕಾಯ್ದೆ ತಂದ ನಿಯಮ ಇದು. ಒಂದು ಕಂಪನಿ ಇನ್ನೊಂದರ ಶೇ. 80 ಅಥವಾ ಹೆಚ್ಚು ಪಾಲು ಹೊಂದಿದ್ದರೆ ಎರಡೂ ಒಂದೇ ಗುಂಪು, ಅಂದರೆ ಕಂಟ್ರೋಲ್ಡ್ ಗ್ರೂಪ್. ಐದು ಅಥವಾ ಕಡಿಮೆ ಜನ ಸೇರಿ ಎರಡರಲ್ಲೂ ಶೇ. 80 ಅಥವಾ ಹೆಚ್ಚು ಹಿಡಿದಿದ್ದು, ಅವರ ಸಮಾನ ಪಾಲು (ಪ್ರತಿಯೊಬ್ಬರಿಗೂ ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಕೂಡಿಸಿದ್ದು) ಶೇ. 50 ದಾಟಿದರೂ ಅಷ್ಟೇ. ಹೆಂಡತಿ ಹೆಸರಿಗೆ ಬರೆದುಬಿಟ್ಟರೆ ತಪ್ಪಿಸಿಕೊಳ್ಳಬಹುದು ಅನ್ನುವವರಿದ್ದಾರೆ. ಕೆಲವು ವಿನಾಯಿತಿ ಬಿಟ್ಟರೆ ಗಂಡ ಹೆಂಡಿರ ಪಾಲನ್ನು ಕೂಡಿಸಿಯೇ ನೋಡುತ್ತಾರೆ.

ಹಾಗಾಗಿ ಮೇಲಿನ ಮಾಲೀಕರು, ಯೋಜನೆಯ ಲಾಭ ದೊಡ್ಡ ಸಂಬಳದವರ ಕಡೆಗೇ ವಾಲಿದೆಯೇ ಎಂದು ನೋಡುವ ಪರೀಕ್ಷೆಗೆ ಅದನ್ನು ಒಡ್ಡುವಾಗ ಹೋಟೆಲಿನವರನ್ನೂ ಎಣಿಸಬೇಕು. 21 ವರ್ಷ ತುಂಬದವರನ್ನು, ಒಂದು ವರ್ಷ ಕೆಲಸ ಮಾಡದವರನ್ನು ಕೈಬಿಡಬಹುದು. ಉಳಿದವರನ್ನೆಲ್ಲ ಹೊರಗಿಟ್ಟರೆ ಯೋಜನೆ ಪಾಸಾಗುವುದು ಕಷ್ಟ. ಇದು ನ್ಯಾಯವೇ. ಈ ನಿಯಮ ಇಲ್ಲದಿದ್ದರೆ ಪಾತ್ರೆ ತೊಳೆಯುವವರನ್ನು ಬೇರೆ ಕಂಪನಿಗೆ ಹಾಕಿ, ತೆರಿಗೆ ಲಾಭವನ್ನೆಲ್ಲ ಮೇಲಿನವರೇ ಇಟ್ಟುಕೊಳ್ಳುತ್ತಿದ್ದರು. ಆರೋಗ್ಯ ವಿಮೆಗೂ ಇದೇ ಲೆಕ್ಕ. ಒಂದೇ ಗುಂಪಿನ ಎರಡು ಕಂಪನಿಗಳಲ್ಲಿ ತಲಾ 30 ಜನ ಪೂರ್ಣಾವಧಿ ನೌಕರರಿದ್ದರೆ ಒಟ್ಟು 60. 50ರ ಗಡಿ ದಾಟಿತು, ಅಂದರೆ ವಿಮೆ ಕೊಡಬೇಕು, ಇಲ್ಲವೇ ದಂಡಕ್ಕೆ ತಯಾರಿರಬೇಕು.

ವೈದ್ಯರು, ವಕೀಲರ ಸಂಸ್ಥೆಗಳಲ್ಲಿ ಪಾಲು ಇಷ್ಟಿರದಿದ್ದರೂ, ಒಟ್ಟಾಗಿ ಸೇವೆ ಕೊಡುತ್ತಿದ್ದರೆ ಒಂದಾಗಿ ಎಣಿಸುವುದುಂಟು. ಅದು ಅಫಿಲಿಯೇಟೆಡ್ ಸರ್ವಿಸ್ ಗ್ರೂಪ್.

ಒಡೆತನದ ಸಂಬಂಧವೇ ಇಲ್ಲದ ಮಾಲೀಕರೂ ಒಂದೇ ಯೋಜನೆಗೆ ಸೇರಬಹುದು. ಅದಕ್ಕೆ ಮಲ್ಟಿಪಲ್ ಎಂಪ್ಲಾಯರ್ ಪ್ಲಾನ್ ಎನ್ನುತ್ತಾರೆ. ಇಲ್ಲಿ ಯಾರ ನೌಕರರ ಪರೀಕ್ಷೆ ಅವರದೇ. ನಿವೃತ್ತಿ ಉಳಿತಾಯದ ನಿಯಮ ಬದಲಿಸಿದ 2019ರ ಸೆಕ್ಯೂರ್ ಕಾಯ್ದೆಯ ನಂತರ, 2021ರಿಂದ, ಪರಸ್ಪರ ಪರಿಚಯವೇ ಇಲ್ಲದ ಸಣ್ಣ ಅಂಗಡಿಗಳೂ ಪೂಲ್ಡ್ ಎಂಪ್ಲಾಯರ್ ಪ್ಲಾನ್‌ಗೆ, ಅಂದರೆ ಎಲ್ಲರ ಪರವಾಗಿ ಒಬ್ಬ ನಿರ್ವಾಹಕ ನಡೆಸುವ ಯೋಜನೆಗೆ, ಸೇರಬಹುದು. ಸಣ್ಣವರಿಗೆ ಇದರಿಂದ ನಿಜವಾಗಿ ಅನುಕೂಲವಿದೆ, ಕಾಗದಪತ್ರದ ಕೆಲಸ ಬಹಳ ಕಡಿಮೆ.

ಮಲ್ಟಿಎಂಪ್ಲಾಯರ್ ಪ್ಲಾನ್ ಬೇರೆಯೇ. ಅದು ಕಾರ್ಮಿಕ ಸಂಘದ ಒಪ್ಪಂದದಿಂದ ಬರುವಂಥದ್ದು, ಕಟ್ಟಡ ಕೆಲಸ, ಲಾರಿ ಸಾಗಣೆಯಂಥ ಕಡೆ ಜಾಸ್ತಿ. ಅಂಥ ಪಿಂಚಣಿ ಯೋಜನೆಯಿಂದ ಹೊರಬರುವ ಕಂಪನಿ, ಪಿಂಚಣಿಗೆ ಕೊರತೆ ಬಿದ್ದ ಹಣದಲ್ಲಿ ತನ್ನ ಪಾಲಿನ ಬಾಕಿ ಕಟ್ಟಬೇಕಾಗಬಹುದು. ಆಗ ಮತ್ತೆ ಒಡೆತನದ ಪ್ರಶ್ನೆ ಏಳುತ್ತದೆ: ಆ ಕಂಪನಿ ಕೊಡದಿದ್ದರೆ, ಅದೇ ಗುಂಪಿನ ಬೇರೆ ಕಂಪನಿಗಳಿಂದಲೂ ಆ ಬಾಕಿಯನ್ನು ಪೂರ್ತಿ ವಸೂಲಿ ಮಾಡಬಹುದು.